ಹಲ್ಲುಜ್ಜಿದ ಮೇಲೆ ಬಾಯಿಯೊಳಗೆ ಪೊರೆ ಏಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲುಜ್ಜಿ ಅರ್ಧ ಗಂಟೆ ಆಗಿರುತ್ತದೆ. ನಾಲಿಗೆ ಸುಮ್ನೆ ಕೆನ್ನೆಯ ಒಳಗೆ ಓಡಾಡುವಾಗ ಏನೋ ಜೋತಾಡುವುದು ತಾಗುತ್ತದೆ. ಬೆರಳ ತುದಿಯಿಂದ ತೆಗೆದು ಬೆಳಕಿಗೆ ಹಿಡಿದರೆ ಹಾಲಿನ ಕೆನೆಯಂಥ ತೆಳ್ಳನೆ ಪೊರೆ. ನೋವಿಲ್ಲ, ರಕ್ತ ಇಲ್ಲ, ಆದರೆ ಎದೆ ಧಸಕ್ಕೆನ್ನುತ್ತದೆ. ನನಗೂ ಹಾಗೇ ಆಗಿತ್ತು. ಬ್ರಷ್ಷಿನದೇ ತಪ್ಪು ಅಂದುಕೊಂಡು ಮೂರು ಬ್ರಷ್ ಬದಲಾಯಿಸಿದೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿದ್ದು ಎಷ್ಟೋ ತಿಂಗಳ ಮೇಲೆ. ಆಮೇಲೆ ಈ ವಿಷಯ ಮಾತಿಗೆ ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರತೊಡಗಿದವು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಬಾಯಲ್ಲಿ ಬಿಳಿ ಬಿಳಿ ಪೊರೆ ಸಿಗುತ್ತೆ. ಇದು ಏನು, ಪೇಸ್ಟ್ ಉಳಿದಿರೋದಾ?

ಪೇಸ್ಟ್ ಅಲ್ಲ, ನಿಮ್ಮದೇ ಒಳಚರ್ಮದ ತೀರಾ ಮೇಲಿನ ಪದರ. ಕೆನ್ನೆಯ ಒಳಗೆ, ತುಟಿಯ ಒಳಗೆ, ನಾಲಿಗೆಯ ಅಡಿಯಲ್ಲಿ ಚರ್ಮ ಮೆತ್ತಗಿರುತ್ತದೆ, ಸದಾ ಒದ್ದೆಯಾಗಿರುತ್ತದೆ. ಅಲ್ಲಿ ಹೊಸ ಜೀವಕೋಶಗಳು ಅಡಿಯಲ್ಲಿ ಹುಟ್ಟಿ ಮೇಲಕ್ಕೆ ಬರುತ್ತವೆ, ಹಳೆಯವು ಉದುರುತ್ತವೆ. ಮೈಮೇಲಿನ ಚರ್ಮ ಪೂರ್ತಿ ಹೊಸದಾಗಲು ಸುಮಾರು 4 ವಾರ ಬೇಕು. ಕೆನ್ನೆಯ ಒಳಚರ್ಮಕ್ಕೆ ಸುಮಾರು 2 ವಾರ ಸಾಕು. ಮಾಮೂಲಾಗಿ ಈ ಕೋಶಗಳು ಒಂದೊಂದಾಗಿ ಉದುರಿ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಪೊರೆ ಏಳುವ ದಿನ ಅವು ಒಂದಕ್ಕೊಂದು ಅಂಟಿಕೊಂಡೇ, ಹಾಳೆಯ ಹಾಗೆ, ಒಟ್ಟಿಗೆ ಬಿಡುತ್ತವೆ. ವ್ಯತ್ಯಾಸ ಅಷ್ಟೇ.

ಚರ್ಮ ಕಿತ್ತು ಬಂದರೂ ನೋವು ಯಾಕಿಲ್ಲ?

ಮೇಲಿನ ಪದರದಲ್ಲಿ ರಕ್ತನಾಳ ಇಲ್ಲ, ನೋವು ತಿಳಿಸುವ ನರಗಳ ತುದಿ ಇರುವುದು ಅದಕ್ಕಿಂತ ಕೆಳಗೆ. ಹಾಗಾಗಿ ಬರೀ ಮೇಲಿನದು ಎದ್ದರೆ ಉರಿಯೂ ಇಲ್ಲ, ರಕ್ತವೂ ಇಲ್ಲ. ಈ ಮಾತು ನೆನಪಿರಲಿ. ಪೊರೆ ಎದ್ದ ಜಾಗ ಉರಿದರೆ, ಕೆಂಪಗಾದರೆ, ರಕ್ತ ಜಿನುಗಿದರೆ ಅದು ಮೇಲಿನ ಪದರದ ಮಾತಲ್ಲ, ಬೇರೆಯೇ ಲೆಕ್ಕ.

ಇದಕ್ಕೆ ಕಾರಣ ಬ್ರಷ್ಷಾ, ಪೇಸ್ಟಾ?

ಹೆಚ್ಚಿನ ಸಲ ಪೇಸ್ಟ್. ಬ್ರಷ್ ಗಟ್ಟಿಯಾಗಿ ಉಜ್ಜಿದರೆ ತಾಗಿದ ಕಡೆ ಮಾತ್ರ ತರಚುತ್ತದೆ, ಮುಖ್ಯವಾಗಿ ವಸಡಿನ ಅಂಚಿನಲ್ಲಿ, ಮತ್ತೆ ಅಲ್ಲಿ ನೋವಿರುತ್ತದೆ. ಕೆನ್ನೆಯ ಆಳದಲ್ಲಿ, ಕೆಳತುಟಿಯ ಹಿಂದಿನ ಸಂದಿಯಲ್ಲಿ ಬ್ರಷ್ಷಿನ ಎಳೆ ಅಷ್ಟಾಗಿ ತಾಗುವುದೇ ಇಲ್ಲ. ಆದರೆ ನೊರೆ ಅಲ್ಲೆಲ್ಲ ಹೋಗಿ ಕೂರುತ್ತದೆ. ಪೊರೆ ಜಾಸ್ತಿ ಸಿಗುವುದೂ ಅಲ್ಲೇ, ಅಲ್ವಾ?

ಅಪಾಯ ಇದೆಯಾ? ಕ್ಯಾನ್ಸರ್ ಅಂತ ಭಯ ಆಗ್ತಿದೆ.

ನೋವಿಲ್ಲದೆ ಎದ್ದು, ಕೆಳಗೆ ನಯವಾದ ಗುಲಾಬಿ ಚರ್ಮ ಕಾಣುತ್ತಿದ್ದರೆ, ಪೇಸ್ಟ್ ಬಿಟ್ಟ ಮೇಲೆ ನಿಂತರೆ, ಭಯ ಬೇಡ. ಇಂಥ ಪೊರೆಯಿಂದ ಕ್ಯಾನ್ಸರ್ ಬರುವುದಿಲ್ಲ. ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಬಿಳಿ ಕಲೆ ಇದಕ್ಕೆ ತದ್ವಿರುದ್ಧ: ಅದು ಒರೆಸಿದರೆ ಬರುವುದಿಲ್ಲ, ಒಂದೇ ಜಾಗದಲ್ಲಿ ವಾರಗಟ್ಟಲೆ ಕೂತಿರುತ್ತದೆ. ಹಾಗೆ ಏನಾದರೂ ಕಂಡರೆ, ಅಥವಾ ಒಂದು ಹುಣ್ಣು 2 ವಾರ ದಾಟಿದರೂ ಮಾಯದಿದ್ದರೆ, ಹಲ್ಲಿನ ವೈದ್ಯರಿಗೆ ತೋರಿಸಲೇಬೇಕು. ತಂಬಾಕಿನ ಅಭ್ಯಾಸ ಇದ್ದವರು ಆ 2 ವಾರವನ್ನೂ ಕಾಯಬೇಡಿ.

ಪೊರೆ ನುಂಗಿಬಿಟ್ಟೆ, ಏನಾದ್ರೂ ಆಗುತ್ತಾ?

ಏನೂ ಆಗುವುದಿಲ್ಲ. ದಿನವೂ ನುಂಗುತ್ತಲೇ ಇದ್ದೀರಿ.

## ಪೇಸ್ಟಿನೊಳಗೆ ಏನಿದೆ

ಪೇಸ್ಟಿನಲ್ಲಿ ಯಾವುದು ಹೀಗೆ ಮಾಡುತ್ತೆ?

ಮೊದಲ ಹೆಸರು ಸೋಡಿಯಂ ಲಾರಿಲ್ ಸಲ್ಫೇಟ್, ಚುಟುಕಾಗಿ ಎಸ್‌ಎಲ್‌ಎಸ್. ಪೇಸ್ಟಿಗೆ ನೊರೆ ಕೊಡುವುದು ಇದೇ. 20ನೇ ಶತಮಾನದ ಮಧ್ಯದವರೆಗೂ ಈ ಕೆಲಸಕ್ಕೆ ಸಾಬೂನು ಹಾಕುತ್ತಿದ್ದರು, ಆಮೇಲೆ ಆ ಜಾಗಕ್ಕೆ ಎಸ್‌ಎಲ್‌ಎಸ್ ಬಂತು. ಪೇಸ್ಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಅರ್ಧದಿಂದ 2 ಪಾಲು ಇರುತ್ತದೆ.

ಇದು ಮಾಡುವ ಕೆಲಸ ಹೀಗೆ. ಬಾಯಿಯ ಒಳಚರ್ಮದ ಮೇಲೆ ಜೊಲ್ಲಿನಿಂದ ಬಂದ ಜಾರುವ ಒಂದು ಲೇಪ ಇರುತ್ತದೆ. ಅದರಲ್ಲಿರುವ ಮುಖ್ಯ ಪ್ರೋಟೀನ್ ಮ್ಯೂಸಿನ್. ಎಸ್‌ಎಲ್‌ಎಸ್ ಕಣದ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು. ಪಾತ್ರೆಯ ಜಿಡ್ಡು ಬಿಡಿಸುವ ಹಾಗೆಯೇ ಅದು ಈ ಲೇಪವನ್ನು ತೊಳೆದು ತೆಗೆಯುತ್ತದೆ. ಲೇಪ ಹೋದ ಮೇಲೆ ಕೋಶಗಳ ನಡುವಿನ ಜಿಡ್ಡಿಗೆ, ಕೋಶದ ಪ್ರೋಟೀನಿಗೆ ಕೈಹಾಕುತ್ತದೆ. ಮೇಲಿನ ಕೋಶಗಳ ಹಿಡಿತ ಸಡಿಲವಾಗುತ್ತದೆ, ಪ್ರೋಟೀನ್ ಕೆಟ್ಟು ಬೆಳ್ಳಗಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಹೇಗೆ ಬೆಳ್ಳಗಾಗುತ್ತದೋ, ಸುಮಾರಿಗೆ ಹಾಗೆ.

ಹಲ್ಲುಜ್ಜಿದ ತಕ್ಷಣ ಹಣ್ಣಿನ ರಸ ಕುಡಿದರೆ ಕಹಿ ಅನ್ನಿಸುವುದಕ್ಕೂ ಇದೇ ಕಾರಣ. ಸಿಹಿ ಗುರುತಿಸುವ ಶಕ್ತಿಯನ್ನು ನಾಲಿಗೆಯಲ್ಲಿ ಸ್ವಲ್ಪ ಹೊತ್ತು ಅದು ಕುಂದಿಸುತ್ತದೆ.

ಅದೊಂದೇನಾ, ಬೇರೆ ಕಾರಣಗಳೂ ಇವೆಯಾ?

ಇವೆ. ಹಲ್ಲಿನ ಪಾಚಿ ಗಟ್ಟಿಯಾಗದಂತೆ ತಡೆಯುವ ಪೇಸ್ಟುಗಳಲ್ಲಿ ಪೈರೋಫಾಸ್ಫೇಟ್ ಇರುತ್ತದೆ. ಅದರ ಕಹಿ ಮುಚ್ಚಲು ಸುವಾಸನೆ ಜಾಸ್ತಿ ಹಾಕುತ್ತಾರೆ, ಅದನ್ನು ಕರಗಿಸಲು ನೊರೆಯ ಅಂಶವನ್ನೂ ಏರಿಸುತ್ತಾರೆ. ಮೂರೂ ಸೇರಿ ಒಳಚರ್ಮಕ್ಕೆ ಭಾರವಾಗುತ್ತದೆ. ಹಲ್ಲು ಬೆಳ್ಳಗೆ ಮಾಡುವ ಪೇಸ್ಟಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಅದೂ ಮೇಲಿನ ಪದರವನ್ನು ಬೆಳ್ಳಗೆ ಮಾಡಿ ಎಬ್ಬಿಸುತ್ತದೆ. ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟಿನಿಂದಲೂ ಕೆಲವರಿಗೆ ಹೀಗಾಗುತ್ತದೆ.

ದಾಲ್ಚಿನ್ನಿಯ ಸುವಾಸನೆ ಬೇರೆಯದೇ ಕಥೆ. ಅದರಲ್ಲಿರುವ ಸಿನ್ನಮಾಲ್ಡಿಹೈಡ್ ಎಂಬ ಅಂಶ ಒಗ್ಗದವರಿಗೆ ಕೆನ್ನೆಯ ಒಳಗೂ ನಾಲಿಗೆಯ ಬದಿಯಲ್ಲೂ ಒರಟಾದ ಬಿಳಿ ಪಟ್ಟಿ ಏಳುತ್ತದೆ, ಜೊತೆಗೆ ಉರಿ. ಬಿಟ್ಟರೆ 1-2 ವಾರದಲ್ಲಿ ತಿಳಿಯಾಗುತ್ತದೆ. ಚ್ಯೂಯಿಂಗ್ ಗಮ್‌ನಲ್ಲೂ ಇದೇ ಸುವಾಸನೆ ಇರಬಹುದು. ಪೇಸ್ಟ್ ಬಿಟ್ಟರೂ ನಿಲ್ಲದವರು ಅದನ್ನೂ ನೋಡಿಕೊಳ್ಳಿ.

ಮೌತ್‌ವಾಶ್‌ನಿಂದ ಆಗುತ್ತಾ?

ಆಗುತ್ತದೆ. ಆಲ್ಕೋಹಾಲ್ ಇರುವುದನ್ನು ತುಂಬ ಹೊತ್ತು ಬಾಯಲ್ಲಿ ಇಟ್ಟುಕೊಂಡರೆ, ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಜೀವಿ ಕೊಲ್ಲುವ ಔಷಧಿ ಇರುವುದನ್ನು ವಾರಗಟ್ಟಲೆ ಬಳಸಿದರೆ ಪೊರೆ ಏಳಬಹುದು. ಕ್ಲೋರ್‌ಹೆಕ್ಸಿಡಿನ್ ಅನ್ನು ವೈದ್ಯರು ಕಾರಣ ಇದ್ದೇ ಕೊಟ್ಟಿರುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಇನ್ನೊಂದು ವಿಷಯ: ಎಸ್‌ಎಲ್‌ಎಸ್ ಇರುವ ಪೇಸ್ಟಿನಲ್ಲಿ ಉಜ್ಜಿದ ಬೆನ್ನಿಗೇ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಿದರೆ ಎರಡೂ ಒಂದಕ್ಕೊಂದು ಅಂಟಿ ಔಷಧಿಯ ಬಲ ಕಡಿಮೆಯಾಗುತ್ತದೆ. ನಡುವೆ ಕಡೇಪಕ್ಷ 30 ನಿಮಿಷ ಬಿಡಿ.

ಎಷ್ಟೋ ವರ್ಷದಿಂದ ಅದೇ ಪೇಸ್ಟ್. ಈಗ ಯಾಕೆ ಶುರುವಾಯ್ತು?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಅದೇ ಹೆಸರಿನ ಪೇಸ್ಟಿನಲ್ಲಿ ತಯಾರಕರು ಒಳಗಿನ ಅಂಶ ಬದಲಾಯಿಸಿರಬಹುದು. ಹೊಸ ಟ್ಯೂಬು ಶುರು ಮಾಡಿದ ವಾರಕ್ಕೂ ಪೊರೆ ಕಂಡ ವಾರಕ್ಕೂ ತಾಳೆ ಹಾಕಿ ನೋಡಿ. ಇಲ್ಲವೇ ಬಾಯಿಯೇ ಬದಲಾಗಿರುತ್ತದೆ. ಜೊಲ್ಲು ಕಡಿಮೆಯಾದರೆ ರಕ್ಷಣೆಯ ಲೇಪ ತೆಳುವಾಗುತ್ತದೆ, ನಿನ್ನೆಯವರೆಗೆ ತಡೆದುಕೊಂಡದ್ದನ್ನು ಇವತ್ತು ತಡೆಯುವುದಿಲ್ಲ. ಅಲರ್ಜಿಯ ಮಾತ್ರೆ, ಖಿನ್ನತೆಯ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿದರೂ ಅಷ್ಟೇ. ಇತ್ತೀಚೆಗೆ ಯಾವ ಮಾತ್ರೆ ಶುರುವಾಯಿತು ಅಂತ ಒಮ್ಮೆ ಯೋಚಿಸಿ. ಆದರೆ ಅದನ್ನು ವೈದ್ಯರನ್ನು ಕೇಳದೆ ಬಿಡಬೇಡಿ.

ಬೆಳಿಗ್ಗೆ ಎದ್ದಾಗಲೇ ಜಾಸ್ತಿ ಸಿಗುತ್ತೆ, ಯಾಕೆ?

ನಿದ್ದೆಯಲ್ಲಿ ಜೊಲ್ಲು ಬರುವುದು ತೀರಾ ಕಡಿಮೆ. ರಾತ್ರಿ ಉಜ್ಜಿದಾಗ ಸಡಿಲಗೊಂಡ ಪದರ ತೊಳೆದು ಹೋಗದೆ ಅಲ್ಲೇ ಸೇರಿಕೊಳ್ಳುತ್ತದೆ. ಬೆಳಿಗ್ಗೆ ನಾಲಿಗೆ ಆಡಿಸಿದ ತಕ್ಷಣ ಕೈಗೆ ಬರುತ್ತದೆ.

## ಸರಿಪಡಿಸುವುದು ಹೇಗೆ

ಯಾವುದರಿಂದ ಆಗ್ತಿದೆ ಅಂತ ಕಂಡುಹಿಡಿಯೋದು ಹೇಗೆ?

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಹೆದರಿಕೆಯಲ್ಲಿ ಬ್ರಷ್, ಪೇಸ್ಟ್, ಮೌತ್‌ವಾಶ್ ಮೂರನ್ನೂ ಒಂದೇ ದಿನ ಬದಲಿಸುತ್ತಾರೆ. ಪೊರೆ ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಮೌತ್‌ವಾಶ್ ನಿಲ್ಲಿಸಿ, ಅದು ವೈದ್ಯರು ಹೇಳಿದ್ದಲ್ಲದಿದ್ದರೆ. ಒಂದು ವಾರ ನೋಡಿ. ಆಮೇಲೆ ಎಸ್‌ಎಲ್‌ಎಸ್ ಇಲ್ಲದ ಪೇಸ್ಟಿಗೆ ಬನ್ನಿ, 2 ವಾರ ಅದೇ ಬಳಸಿ. ಒಳಚರ್ಮ ಹೊಸದಾಗುವ ಅವಧಿ ಅದು, ಅದಕ್ಕಿಂತ ಬೇಗ ತೀರ್ಮಾನ ಮಾಡಬೇಡಿ. ಎಷ್ಟೋ ಜನರಿಗೆ ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ನನಗೆ ನಾಲ್ಕನೇ ಬೆಳಿಗ್ಗೆಯೇ ಗೊತ್ತಾಗಿತ್ತು: ಕೆಳತುಟಿಯ ಹಿಂದೆ ನಾಲಿಗೆ ಆಡಿಸಿದರೆ ಏನೂ ಸಿಗಲಿಲ್ಲ, ಬರೀ ನಯ. ನಿಜವಾಗಿ ಖಚಿತ ಮಾಡಿಕೊಳ್ಳಬೇಕು ಅನ್ನಿಸಿದರೆ ಹಳೆಯ ಪೇಸ್ಟಿಗೆ 2-3 ದಿನ ಮರಳಿ ನೋಡಿ. ಪೊರೆ ಮತ್ತೆ ಎದ್ದರೆ ಅನುಮಾನ ಉಳಿಯುವುದಿಲ್ಲ. ಉರಿ, ಊತ ಆಗಿದ್ದವರು ಮಾತ್ರ ಈ ಮರುಪರೀಕ್ಷೆಗೆ ಹೋಗಬೇಡಿ.

ಟ್ಯೂಬಿನ ಹಿಂದೆ ಏನನ್ನು ಹುಡುಕಬೇಕು?

ಅಂಶಗಳ ಪಟ್ಟಿಯಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಇದೆಯಾ ನೋಡಿ. ಸೋಡಿಯಂ ಡೋಡೆಸಿಲ್ ಸಲ್ಫೇಟ್ ಅಂತ ಇದ್ದರೂ ಅದೇ ವಸ್ತು, ಹೆಸರು ಮಾತ್ರ ಬೇರೆ. ಎಸ್‌ಎಲ್‌ಎಸ್ ಇಲ್ಲದ ಪೇಸ್ಟುಗಳಲ್ಲಿ ನೊರೆಗಾಗಿ ಕೋಕಾಮಿಡೋಪ್ರೊಪೈಲ್ ಬೀಟೇನ್, ಸೋಡಿಯಂ ಲಾರಾಯ್ಲ್ ಸಾರ್ಕೊಸಿನೇಟ್, ಸೋಡಿಯಂ ಮೀಥೈಲ್ ಕೊಕಾಯ್ಲ್ ಟೌರೇಟ್ ಇಂಥವು ಇರುತ್ತವೆ. ಇವು ಒಳಚರ್ಮದ ಮೇಲೆ ಮೆತ್ತಗೆ ಕೆಲಸ ಮಾಡುತ್ತವೆ. 1990ರ ದಶಕದಲ್ಲಿ ನಾರ್ವೆಯ ಸಂಶೋಧಕರು ಎಸ್‌ಎಲ್‌ಎಸ್ ಮತ್ತು ಬೀಟೇನ್ ಎರಡನ್ನೂ ಜನರ ಬಾಯಲ್ಲಿ ಹೋಲಿಸಿ ನೋಡಿದಾಗ ಪೊರೆ ಜಾಸ್ತಿ ಎದ್ದದ್ದು ಎಸ್‌ಎಲ್‌ಎಸ್‌ನಿಂದಲೇ.

ಪೆಟ್ಟಿಗೆಯ ಮುಂದೆ ದೊಡ್ಡದಾಗಿ ಬರೆದ ಮಾತಿಗಿಂತ ಹಿಂದಿನ ಪಟ್ಟಿಯನ್ನೇ ನಂಬಿ. ಒಂದೇ ಹೆಸರಿನ ಐದಾರು ಬಗೆಗಳಲ್ಲಿ ಒಂದರಲ್ಲಿ ಎಸ್‌ಎಲ್‌ಎಸ್ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು.

ನೊರೆ ಬರದಿದ್ರೆ ಹಲ್ಲು ಸ್ವಚ್ಛ ಆಗುತ್ತಾ?

ಆಗುತ್ತದೆ. ಹಲ್ಲಿನ ಮೇಲಿನ ಪಾಚಿ ತೆಗೆಯುವುದು ಬ್ರಷ್ಷಿನ ಎಳೆಗಳು, ಹುಳುಕು ತಡೆಯುವುದು ಫ್ಲೋರೈಡ್. ನೊರೆ ಪೇಸ್ಟನ್ನು ಹರಡುತ್ತದೆ, ಸ್ವಚ್ಛವಾಯಿತು ಅನ್ನುವ ಭಾವನೆ ಕೊಡುತ್ತದೆ. ಮೊದಲ ವಾರ ಏನೋ ಕೊರತೆ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಪೇಸ್ಟೇ ಬಿಟ್ಟು ಉಪ್ಪು, ಇದ್ದಿಲು, ಲವಂಗದ ಎಣ್ಣೆ ಹಾಕಿದ್ರೆ ಆಗಲ್ವಾ?

ದಯವಿಟ್ಟು ಬೇಡ. ಒರಟು ಪುಡಿ ಹಲ್ಲಿನ ಎನಾಮಲ್ ಸವೆಸುತ್ತದೆ, ಮತ್ತೆ ಎನಾಮಲ್ ಒಳಚರ್ಮದಂತೆ ಮರಳಿ ಬೆಳೆಯುವುದಿಲ್ಲ. ಲವಂಗದ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಒಳಚರ್ಮ ಸುಟ್ಟೇ ಬಿಡಬಹುದು. ಪೊರೆಗೆ ಹೆದರಿ ಫ್ಲೋರೈಡ್ ಬಿಟ್ಟರೆ ಹುಳುಕನ್ನು ಮನೆಗೆ ಕರೆದ ಹಾಗೆ. ಎಸ್‌ಎಲ್‌ಎಸ್ ಇರಬಾರದು, ಫ್ಲೋರೈಡ್ ಇರಬೇಕು. ದೊಡ್ಡವರ ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು) ಫ್ಲೋರೈಡ್ ಇದ್ದರೆ ಸರಿ.

ಉಜ್ಜಿದ ಮೇಲೆ ಚೆನ್ನಾಗಿ ಮುಕ್ಕಳಿಸಬೇಕಾ, ಬೇಡ್ವಾ? ಇಬ್ಬರು ಎರಡು ರೀತಿ ಹೇಳ್ತಾರೆ.

ಇಬ್ಬರೂ ಅವರವರ ಮಟ್ಟಿಗೆ ಸರಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ ಅಂತ ವೈದ್ಯರು ಉಗುಳಿ ಬಿಡಿ, ಮುಕ್ಕಳಿಸಬೇಡಿ ಅನ್ನುತ್ತಾರೆ. ಆದರೆ ಎಸ್‌ಎಲ್‌ಎಸ್ ಪೇಸ್ಟಿನ ನೊರೆಯನ್ನು ಕೆನ್ನೆಯ ಸಂದಿಯಲ್ಲೇ ಬಿಟ್ಟರೆ ಪೊರೆ ಜಾಸ್ತಿ. ನನ್ನ ಅಭಿಪ್ರಾಯ ಇದು: ಮೊದಲು ಪೇಸ್ಟ್ ಬದಲಾಯಿಸಿ, ಆಗ ಮುಕ್ಕಳಿಸದೆ ಉಗುಳಿದರೂ ತೊಂದರೆ ಇಲ್ಲ. ಹೊಸ ಪೇಸ್ಟ್ ಸಿಗುವವರೆಗೆ ಹಳೆಯದನ್ನೇ ಬಳಸುವುದಾದರೆ ಬಟಾಣಿ ಕಾಳಿನಷ್ಟು ಮಾತ್ರ ಹಾಕಿ, 2 ನಿಮಿಷಕ್ಕಿಂತ ಜಾಸ್ತಿ ಬಾಯಲ್ಲಿ ಇಟ್ಟುಕೊಳ್ಳಬೇಡಿ, ಒಂದೇ ಒಂದು ಸಲ ಸ್ವಲ್ಪ ನೀರಲ್ಲಿ ಕೆನ್ನೆ, ತುಟಿಯ ಸಂದಿ ತೊಳೆದು ಉಗುಳಿ. ಬ್ರಷ್ಷಿನ ಉದ್ದಕ್ಕೂ ಪೇಸ್ಟ್ ಹಿಂಡುವ ಅಭ್ಯಾಸ ಬಿಟ್ಟರೆ ಎಷ್ಟೋ ಜನರಿಗೆ ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ.

ಪೊರೆಯನ್ನು ಎಳೆದು ತೆಗೀಬಹುದಾ?

ತಾನಾಗಿ ಬಿಟ್ಟದ್ದನ್ನು ಉಗುಳಿ. ಇನ್ನೂ ಅಂಟಿಕೊಂಡಿದ್ದನ್ನು ಉಗುರಲ್ಲಿ, ಹಲ್ಲಲ್ಲಿ ಕೆರೆದು ಎಳೆಯಬೇಡಿ. ಎಳೆಯುತ್ತಾ ಹೋದರೆ ಅದೇ ಚಟವಾಗುತ್ತದೆ, ಕೆನ್ನೆ ಒಳಗೆ ಕಚ್ಚಿ ಕಚ್ಚಿ ಒರಟಾದ ಬಿಳಿ ಗೆರೆ ಬೀಳುತ್ತದೆ. ಆಮೇಲೆ ಪೇಸ್ಟ್ ಬದಲಾಯಿಸಿದರೂ ಆ ಬಿಳುಪು ಹೋಗುವುದಿಲ್ಲ, ಯಾಕೆಂದರೆ ಈಗ ಕಾರಣ ನಿಮ್ಮ ಹಲ್ಲು.

ಮಗುವಿಗೂ ಹೀಗೆ ಆಗ್ತಿದೆ. ಏನು ಮಾಡಲಿ?

ಮೊದಲು ಪೇಸ್ಟಿನ ಅಳತೆ ನೋಡಿ. 3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಮಕ್ಕಳಿಗೆ ಎಸ್‌ಎಲ್‌ಎಸ್ ಇಲ್ಲದ ಪೇಸ್ಟುಗಳು ಸಿಗುತ್ತವೆ. ಆದರೆ ಮಗುವಿನ ನಾಲಿಗೆ, ಕೆನ್ನೆಯ ಮೇಲೆ ಮೊಸರಿನಂಥ ಬಿಳಿ ತುಣುಕುಗಳಿದ್ದು, ಒರೆಸಿದಾಗ ಅಡಿಯಲ್ಲಿ ಕೆಂಪು ಕಂಡರೆ ಅದು ಪೊರೆಯಲ್ಲ, ಶಿಲೀಂಧ್ರದ ಸೋಂಕು ಇರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ.

## ಇನ್ನೂ ಆಳದ ಪ್ರಶ್ನೆಗಳು

ಪದೇ ಪದೇ ಬಾಯಿಹುಣ್ಣು ಆಗುತ್ತೆ. ಇದಕ್ಕೂ ಪೇಸ್ಟಿಗೂ ಸಂಬಂಧ ಇದೆಯಾ?

ಕೆಲವರಿಗೆ ಇದೆ. 1994ರಲ್ಲಿ ನಾರ್ವೆಯಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಮತ್ತೆ ಮತ್ತೆ ಹುಣ್ಣಾಗುವವರು ಎಸ್‌ಎಲ್‌ಎಸ್ ಇಲ್ಲದ ಪೇಸ್ಟಿಗೆ ಬಂದಾಗ ಹುಣ್ಣು ಕಡಿಮೆಯಾದವು. ನಂತರದ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ. ಒಂದರಲ್ಲಿ ಹುಣ್ಣಿನ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ, ಆದರೆ ನೋವು ಕಡಿಮೆಯಾಗಿ ಬೇಗ ಮಾಯ್ದವು. ಇನ್ನೊಂದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಖರ್ಚೂ ಇಲ್ಲ, ಅಪಾಯವೂ ಇಲ್ಲದ ಪ್ರಯೋಗ ಇದು, ಹಾಗಾಗಿ ಮಾಡಿ ನೋಡಿ ಅಂತಲೇ ಹೇಳುತ್ತೇನೆ. ಜೊತೆಗೆ ಕಬ್ಬಿಣ, ಬಿ12 ಕೊರತೆ ಇದೆಯಾ ಅಂತ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದನ್ನು ಪೇಸ್ಟ್ ಸರಿಮಾಡುವುದಿಲ್ಲ.

ಎಸ್‌ಎಲ್‌ಎಸ್ ಇಲ್ಲದ ಪೇಸ್ಟ್ ಹಾಕಿದರೂ ತುಟಿ ಸಿಪ್ಪೆ ಏಳ್ತಾನೇ ಇದೆ.

ತುಟಿಯ ಹೊರಭಾಗ ಮತ್ತು ಬಾಯಿಯ ಒಳಭಾಗ ಬೇರೆ ಬೇರೆ. ತುಟಿ ಒಣಗಿ, ಕೆಂಪಾಗಿ, ಬಿರಿದು ಸಿಪ್ಪೆ ಏಳುತ್ತಿದ್ದರೆ ಅಲರ್ಜಿ ಇರಬಹುದು. ಪುದೀನ, ದಾಲ್ಚಿನ್ನಿಯಂಥ ಸುವಾಸನೆಗಳು ಇದರಲ್ಲಿ ಮುಂದೆ ನಿಲ್ಲುತ್ತವೆ. ಎಸ್‌ಎಲ್‌ಎಸ್ ಬದಲಿಗೆ ಬಂದ ಬೀಟೇನಿಗೂ ಕೆಲವರಿಗೆ ಅಲರ್ಜಿ ಇರುತ್ತದೆ. ಅಮೆರಿಕದ ಸಂಪರ್ಕ ಅಲರ್ಜಿ ತಜ್ಞರ ಸಂಘ 2004ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಅಂತ ಗುರುತಿಸಿತ್ತು. ಚರ್ಮದ ವೈದ್ಯರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಲ್ಲಿ ಯಾವುದು ಅಂತ ಗೊತ್ತಾಗುತ್ತದೆ. ತುಟಿ ನೆಕ್ಕುವ ಅಭ್ಯಾಸವನ್ನೂ ಮರೆಯಬೇಡಿ.

ಬಾಯಲ್ಲಿ ಬಿಳಿ ಕಾಣುವುದೆಲ್ಲ ಇದೇನಾ? ಹೇಗೆ ಬೇರೆ ಮಾಡೋದು?

ಕನ್ನಡಿ, ಟಾರ್ಚು, ಒಂದು ತುಂಡು ಶುಭ್ರ ಬಟ್ಟೆ ತೆಗೆದುಕೊಳ್ಳಿ. ಕೆನ್ನೆಯನ್ನು ಹೊರಕ್ಕೆ ಎಳೆದು ನೋಡಿ. ಎಳೆದಾಗ ಬಿಳುಪು ಮಾಯವಾದರೆ ಅದು ಲ್ಯೂಕೋಎಡಿಮಾ, ಹಲವರಲ್ಲಿ ಹುಟ್ಟುಗುಣದಂತೆ ಇರುವ ನಿರಪಾಯದ ಬಿಳುಪು. ಒರೆಸಿದಾಗ ಸುಲಭವಾಗಿ ಬಂದು ಕೆಳಗೆ ಗುಲಾಬಿ ಕಂಡರೆ ನಮ್ಮ ಪೊರೆ. ಒರೆಸಿದಾಗ ಬಂದು ಕೆಳಗೆ ಕೆಂಪು, ಹಸಿಹಸಿ ಕಂಡರೆ ಶಿಲೀಂಧ್ರ. ಎರಡೂ ಕೆನ್ನೆಯಲ್ಲಿ ಬಲೆ ನೇಯ್ದಂತೆ ಸಣ್ಣ ಬಿಳಿ ಗೆರೆಗಳಿದ್ದರೆ ಲೈಕೆನ್ ಪ್ಲಾನಸ್ ಎಂಬ ಉರಿಯೂತದ ರೋಗ ಇರಬಹುದು. ಏನು ಮಾಡಿದರೂ ಒರೆಸಲು ಬರದ ಬಿಳಿ ತೇಪೆಯೇ ಹೆಚ್ಚು ಎಚ್ಚರ ಬೇಡುವಂಥದ್ದು. ಈ ಪರೀಕ್ಷೆ ಯಾರ ಹತ್ತಿರ ಎಷ್ಟು ಬೇಗ ಹೋಗಬೇಕು ಅಂತ ತಿಳಿಯಲು ಮಾತ್ರ. ರೋಗ ಯಾವುದು ಅಂತ ವೈದ್ಯರೇ ಹೇಳಬೇಕು.

ಪೇಸ್ಟ್ ಬದಲಾಯಿಸಿ ಒಂದು ತಿಂಗಳಾಯ್ತು. ವಸಡೇ ಕೆಂಪಾಗಿ ಸುಲಿದು ಬರ್ತಿದೆ.

ಇದನ್ನು ತಡಮಾಡದೆ ತೋರಿಸಿ. ವಸಡಿನ ಚರ್ಮ ಕೆನ್ನೆಯ ಒಳಚರ್ಮಕ್ಕಿಂತ ಗಟ್ಟಿ, ಸುಮ್ನೆ ಸುಲಿಯುವುದಿಲ್ಲ. ಅದು ಬೆಂಕಿಯಂತೆ ಕೆಂಪಾಗಿ ಸುಲಿಯುತ್ತಿದ್ದರೆ ಲೈಕೆನ್ ಪ್ಲಾನಸ್, ಮ್ಯೂಕಸ್ ಮೆಂಬ್ರೇನ್ ಪೆಂಫಿಗಾಯ್ಡ್, ಪೆಂಫಿಗಸ್ ಈ ಮೂರರಲ್ಲಿ ಒಂದು ಇರುವ ಸಂಭವ ಇದೆ. ಪೆಂಫಿಗಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೋಶಗಳನ್ನು ಬೆಸೆಯುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ತಿರುಗಿಬೀಳುತ್ತದೆ. ಬೆಸುಗೆ ಬಿಟ್ಟು ಚರ್ಮ ಜಾರುತ್ತದೆ. ಎಷ್ಟೋ ಜನರಿಗೆ ಮೈಮೇಲೆ ಗುಳ್ಳೆ ಏಳುವ ತಿಂಗಳುಗಳ ಮುಂಚೆಯೇ ಬಾಯಲ್ಲಿ ಶುರುವಾಗಿರುತ್ತದೆ. ಪೆಂಫಿಗಾಯ್ಡ್ ಕೂಡ ಇಂಥದ್ದೇ ರೋಗ, ಅದು ಕಣ್ಣಿಗೂ ಹೋಗಬಹುದು, ಹಾಗಾಗಿ ವಸಡಿನ ಜೊತೆ ಕಣ್ಣು ಕೆಂಪಾಗಿ ಚುಚ್ಚುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅಲ್ಲಿ ಕಲೆ ಕಟ್ಟಿದರೆ ದೃಷ್ಟಿಗೇ ಪೆಟ್ಟು.

ಇವು ಅಪರೂಪದ ರೋಗಗಳು, ಪೊರೆ ಏಳುವ ಹೆಚ್ಚಿನವರಿಗೆ ಇವು ಇರುವುದಿಲ್ಲ. ಆದರೆ ಇದ್ದವರು ಪೇಸ್ಟ್ ಬದಲಾಯಿಸುತ್ತಾ ತಿಂಗಳುಗಟ್ಟಲೆ ಕಳೆಯುವುದನ್ನು ನೆನೆದರೆ ಸಂಕಟವಾಗುತ್ತದೆ.

ಬಯಾಪ್ಸಿ ಮಾಡಿಸಿ ಅಂದ್ರು. ಭಯ ಆಗ್ತಿದೆ, ಬೇಕೇ ಬೇಕಾ?

ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಮೇಲೆ ಹೇಳಿದ ಮೂರು ರೋಗಗಳನ್ನು ಕಣ್ಣಲ್ಲಿ ನೋಡಿ ಬೇರೆ ಮಾಡುವುದು ಕಷ್ಟ. ಅರಿವಳಿಕೆ ಕೊಟ್ಟು ಕೆಲವು ಮಿಲಿಮೀಟರ್ ಚರ್ಮ ತೆಗೆಯುತ್ತಾರೆ. ಸುಲಿದ ಜಾಗದಿಂದಲ್ಲ, ಅದರ ಪಕ್ಕದ ಇನ್ನೂ ಅಂಟಿಕೊಂಡಿರುವ ಚರ್ಮದಿಂದ ತೆಗೆಯಬೇಕು, ಇಲ್ಲದಿದ್ದರೆ ನೋಡಬೇಕಾದ ಪದರವೇ ಅದರಲ್ಲಿ ಇರುವುದಿಲ್ಲ. ಚರ್ಮಕ್ಕೆ ಅಂಟಿರುವ ಪ್ರತಿಕಾಯಗಳನ್ನು ಹೊಳೆಯುವ ಬಣ್ಣ ಹಾಕಿ ಹುಡುಕುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ ಇನ್ನೊಂದು ತುಂಡು ಬೇಕಾಗುತ್ತದೆ, ಅದನ್ನು ಮಾಮೂಲಿ ಫಾರ್ಮಾಲಿನ್‌ನಲ್ಲಿ ಹಾಕಬಾರದು, ಅದಕ್ಕೆ ಬೇರೆ ದ್ರಾವಣ ಇದೆ. ಎರಡೂ ಮಾಡುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ಗಾಯ ಸಾಮಾನ್ಯವಾಗಿ 1-2 ವಾರದಲ್ಲಿ ಮಾಯುತ್ತದೆ.

ವೈದ್ಯರ ಹತ್ತಿರ ಹೋಗುವಾಗ ಏನು ತಗೊಂಡು ಹೋಗಲಿ?

ಪೇಸ್ಟಿನ ಟ್ಯೂಬು, ಮೌತ್‌ವಾಶಿನ ಬಾಟಲಿ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು. ಪೊರೆ ಎದ್ದಾಗ ಒಳ್ಳೆ ಬೆಳಕಿನಲ್ಲಿ ತೆಗೆದ ಫೋಟೊ, ಯಾಕೆಂದರೆ ನೀವು ಕುರ್ಚಿಯಲ್ಲಿ ಕೂತಾಗ ಬಾಯಿ ಸಾಫಾಗಿರುವುದೇ ಹೆಚ್ಚು. ಯಾವ ದಿನ ಏನು ಬದಲಾಯಿಸಿದಿರಿ, ಆಮೇಲೆ ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರೆ ವೈದ್ಯರ ಅರ್ಧ ಕೆಲಸ ಆದ ಹಾಗೆ. ಅವತ್ತು ಬೆಳಿಗ್ಗೆ ಯಾವ ಪೇಸ್ಟಿನಲ್ಲಿ ಉಜ್ಜಿದಿರಿ ಅಂತಲೂ ಹೇಳಿ.